ಮೊದಲು ಫೈಲ್ ನೋಡಿ, ಆಮೇಲೆ ಸಾಫ್ಟ್‌ವೇರ್ ಆರಿಸಿ

(ವಿಜ್ಞಾನ ಪದವಿ ವಿದ್ಯಾರ್ಥಿಗಳು, ಸಂಶೋಧನೆಗೆ ಹೊಸಬರು ಮತ್ತು ಅಧ್ಯಾಪಕರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ರಾಜೆಕ್ಟ್ ಕೆಲಸ ಶುರುವಾಗುವ ಹೊತ್ತಿಗೆ ವಿದ್ಯಾರ್ಥಿಗಳು ತಪ್ಪದೇ ಕೇಳುವ ಪ್ರಶ್ನೆ ಇದು: “ಮೇಡಂ, ಗ್ರಾಫ್ ಹಾಕೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?” ನಾನು ಉತ್ತರ ಕೊಡುವ ಮೊದಲು ಅವರ ಫೈಲ್ ತೋರಿಸಲು ಹೇಳುತ್ತೇನೆ. ಎಷ್ಟೋ ಸಲ ಅವರು ಆ ಫೈಲನ್ನು ತೆರೆದೇ ನೋಡಿರುವುದಿಲ್ಲ. ಯಂತ್ರದಿಂದ ಪೆನ್‌ಡ್ರೈವಿಗೆ ಬಂತು, ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿಗೆ ಹೋಯಿತು, ಅಷ್ಟೇ. ಒಳಗೆ ಏನಿದೆ ಎಂದು ಗೊತ್ತಿಲ್ಲದೆ ಯಾವ ಸಾಫ್ಟ್‌ವೇರ್ ಸರಿ ಎಂದು ಯಾರೂ ಹೇಳಲಾರರು.

ಹಾಗಾಗಿ ಇವತ್ತು ನಾನು ಪಟ್ಟಿ ಕೊಡಲು ಬಂದಿಲ್ಲ. ನಿಮ್ಮ ಕೈಯಲ್ಲಿರುವ ಫೈಲ್ ಎಂಥದು, ಅದರಿಂದ ನಿಮಗೆ ತಿಳಿಯಬೇಕಾದದ್ದು ಏನು, ಇವತ್ತು ಹಾಕಿದ ಗ್ರಾಫನ್ನು ಎರಡು ವರ್ಷ ಬಿಟ್ಟು ಅದೇ ಫೈಲಿನಿಂದ ಮತ್ತೆ ಹಾಗೇ ಹಾಕಲು ಆಗುತ್ತದೆಯೇ ಎಂಬ ಮೂರನ್ನು ಇಟ್ಟುಕೊಂಡು ಸಾಫ್ಟ್‌ವೇರ್ ಆರಿಸುವುದು ಹೇಗೆ ಎಂದು ಒಂದು ನಿಜವಾದ ಫೈಲ್ ತೆರೆದು ತೋರಿಸುತ್ತೇನೆ. ಮೂರನೆಯ ಪ್ರಶ್ನೆಯ ಮೇಲೆ ನನಗೆ ಹೆಚ್ಚು ಕಾಳಜಿ. ಪ್ರಬಂಧ ಪರಿಶೀಲಕರು “ಈ ಚಿತ್ರದಲ್ಲಿ ಎರಡನೇ ಅಕ್ಷವನ್ನು ಲಾಗ್ ಪ್ರಮಾಣಕ್ಕೆ ಬದಲಿಸಿ” ಎಂದು ಬರೆದಾಗ ಹಳೆಯ ಗ್ರಾಫ್ ಹೇಗೆ ಹಾಕಿದ್ದು ಎಂದೇ ನೆನಪಾಗದೆ ರಾತ್ರಿಯಿಡೀ ಕೂತವರನ್ನು ನಾನು ಕಂಡಿದ್ದೇನೆ.

ಫೈಲ್ ತೆಗೆದುಕೊಳ್ಳೋಣ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಒಂದು ವೀಕ್ಷಣಾಲಯವಿದೆ. ಅಲ್ಲಿ 1958ರ ಮಾರ್ಚ್‌ನಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಶುರು ಮಾಡಿದವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ನೋವಾ ಇದರ ತಿಂಗಳ ಸರಾಸರಿಗಳನ್ನು ಒಂದು ಸಾದಾ ಟೆಕ್ಸ್ಟ್ ಫೈಲಾಗಿ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಫೈಲ್ ನನಗೆ ಗೊತ್ತಿಲ್ಲ. ಚಿಕ್ಕದು, ನಿಜವಾದದ್ದು, ಮತ್ತು ಡೇಟಾ ಫೈಲುಗಳಲ್ಲಿ ಎಡವಿಸುವ ಸಂಗತಿಗಳು ಬಹುಪಾಲು ಇದರಲ್ಲೇ ಸಿಗುತ್ತವೆ.

ಮೊದಲ ಕೆಲಸ: ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೇಲ್ಭಾಗದಲ್ಲಿ ಹತ್ತಾರು ಸಾಲುಗಳು ಹ್ಯಾಶ್ ಗುರುತಿನಿಂದ ಶುರುವಾಗುತ್ತವೆ. ಅವು ಟಿಪ್ಪಣಿಗಳು. ಬಹಳ ಜನ ಅವನ್ನು ಅಡ್ಡಿ ಎಂದು ಅಳಿಸಿಬಿಡುತ್ತಾರೆ, ದಯವಿಟ್ಟು ಅಳಿಸಬೇಡಿ. ಯಾವ ಕಾಲಂ ಏನು, ಏಕಮಾನ ಯಾವುದು, 1974ರ ಏಪ್ರಿಲ್‌ವರೆಗಿನ ಅಳತೆ ಯಾರದು ಎಂಬುದೆಲ್ಲ ಅಲ್ಲೇ ಇದೆ. ಕೆಳಗೆ ಅಂಕಿಗಳ ಸಾಲು: ವರ್ಷ, ತಿಂಗಳು, ದಶಮಾಂಶದಲ್ಲಿ ಬರೆದ ದಿನಾಂಕ, ಆ ತಿಂಗಳ ಸರಾಸರಿ, ಋತುಮಾನದ ಏರಿಳಿತ ತೆಗೆದ ಸರಾಸರಿ, ಎಷ್ಟು ದಿನ ಅಳತೆಯಾಯಿತು, ದಿನಗಳ ನಡುವಿನ ವಿಚಲನೆ, ಸರಾಸರಿಯ ಅನಿಶ್ಚಿತತೆ. ಹೀಗೆ ಎಂಟು ಕಾಲಂ. ಕಾಲಂಗಳ ನಡುವೆ ಅಲ್ಪವಿರಾಮವಿಲ್ಲ, ಬರೀ ಖಾಲಿ ಜಾಗ.

ಮೊದಲ ಸಾಲನ್ನು ಬೆರಳಿಟ್ಟು ಓದಿ. 1958, 3, ಆಮೇಲೆ ದಶಮಾಂಶ ದಿನಾಂಕ, ಆಮೇಲೆ 315.71. ಹತ್ತು ಲಕ್ಷ ಅಣುಗಳಲ್ಲಿ 315.71 ಭಾಗ, ಅಂದರೆ ಪಿಪಿಎಂ. ಹಾಗೇ ಮುಂದೆ ಹೋಗಿ: ದಿನಗಳ ಸಂಖ್ಯೆ ಇರಬೇಕಾದಲ್ಲಿ -1, ವಿಚಲನೆ ಇರಬೇಕಾದಲ್ಲಿ -9.99, ಅನಿಶ್ಚಿತತೆಯ ಜಾಗದಲ್ಲಿ -0.99. ದಿನಗಳ ಸಂಖ್ಯೆ ಮೈನಸ್ ಆಗಲು ಸಾಧ್ಯವೇ? ಇಲ್ಲ. “ಈ ಮಾಹಿತಿ ನಮ್ಮಲ್ಲಿಲ್ಲ” ಎಂದು ಹೇಳುವ ಗುರುತು ಅದು. ಸಾಫ್ಟ್‌ವೇರಿಗೆ ಇದು ತಾನಾಗಿ ತಿಳಿಯುವುದಿಲ್ಲ. ನೀವು ಏಳನೆಯ ಕಾಲಮಿನ ಸರಾಸರಿ ತೆಗೆ ಎಂದರೆ ಅದು -9.99ಗಳನ್ನೂ ಕೂಡಿಸಿ, ಭಾಗಿಸಿ, ಚೆಂದವಾಗಿ ಒಂದು ಉತ್ತರ ಕೊಡುತ್ತದೆ. ಅರ್ಥವಿಲ್ಲದ ಉತ್ತರ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿ ನೋಡಿದರೆ ಸಾಕು. ಡೇಟಾ ಫೈಲಿಗೆ ಆ ಮಾತು ಒಪ್ಪುವುದಿಲ್ಲ. ತಲೆ, ನಡು, ಬಾಲ ಮೂರನ್ನೂ ನೋಡಬೇಕು. ಇದೇ ಫೈಲಿನಲ್ಲಿ ಮೇಲಿನ ಸಾಲುಗಳಲ್ಲಿ ಮೈನಸ್ ಗುರುತುಗಳಿವೆ, ಕೆಳಗಿನ ಸಾಲುಗಳಲ್ಲಿ ನಿಜವಾದ ದಿನಗಳ ಸಂಖ್ಯೆ ಇದೆ. 2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾ ಜ್ವಾಲಾಮುಖಿ ಉಕ್ಕಿ, ವೀಕ್ಷಣಾಲಯಕ್ಕೆ ಹೋಗುವ ದಾರಿ ಮತ್ತು ವಿದ್ಯುತ್ ಕಡಿದುಹೋಯಿತು. ಮುಂದಿನ ವರ್ಷದ ಜುಲೈವರೆಗೆ ಪಕ್ಕದ ಮೌನಾ ಕಿಯಾ ಪರ್ವತದಿಂದ ಅಳತೆ ತೆಗೆದರು. ಅದನ್ನೂ ಮೇಲಿನ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಟಿಪ್ಪಣಿ ಅಳಿಸಿದವರಿಗೆ ಈ ಬದಲಾವಣೆ ಎಂದೂ ಗೊತ್ತಾಗುವುದಿಲ್ಲ.

ನಮ್ಮ ಲ್ಯಾಬುಗಳ ಯಂತ್ರಗಳಿಂದ ಬರುವ ಫೈಲುಗಳಲ್ಲಿ ಇನ್ನೂ ಕೆಲವು ತೊಡಕುಗಳಿರುತ್ತವೆ. ಜರ್ಮನಿಯಲ್ಲಿ ತಯಾರಾದ ಕೆಲವು ಉಪಕರಣಗಳು ಅಲ್ಲಿಯ ರೂಢಿಯಂತೆ ದಶಮಾಂಶ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತವೆ, 3.14 ಬದಲು 3,14. ಕಾಲಂಗಳ ನಡುವೆ ಆಗ ಅರ್ಧವಿರಾಮ ಇರುತ್ತದೆ. ಇದನ್ನು ಗಮನಿಸದೆ ಅಲ್ಪವಿರಾಮವೇ ಕಾಲಂ ಗಡಿ ಎಂದುಕೊಂಡರೆ 3 ಒಂದು ಕಾಲಂ, 14 ಇನ್ನೊಂದು ಕಾಲಂ ಆಗಿ ಒಡೆದುಹೋಗುತ್ತದೆ. ಡಿಗ್ರಿ ಚಿಹ್ನೆ ಇರುವ ತಲೆಬರಹ ಬೇರೆ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಬೇರೆ ಕ್ರಮದಲ್ಲಿ, ಉಳಿದು ವಿಚಿತ್ರ ಅಕ್ಷರವಾಗುವುದೂ ಉಂಟು. ಇವೆಲ್ಲ ನೋಟ್‌ಪ್ಯಾಡ್‌ನಲ್ಲಿ ಕಣ್ಣಿಗೆ ಬೀಳುತ್ತವೆ, ಎಕ್ಸೆಲ್‌ನಲ್ಲಿ ಬೀಳದೇ ಹೋಗಬಹುದು.

ಈಗ ಗ್ರಾಫ್. ಇಂಥ ಫೈಲಿಗೆ ನಾನು ಮೊದಲು ಹೇಳುವ ಹೆಸರು ನ್ಯೂಪ್ಲಾಟ್. 1986ರಲ್ಲಿ ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಶುರು ಮಾಡಿದ್ದು, ಇವತ್ತಿಗೂ ಬೆಳೆಯುತ್ತಿದೆ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಓಡುತ್ತದೆ, ಹಳೆಯ ಕಂಪ್ಯೂಟರಿಗೂ ಭಾರವಾಗುವುದಿಲ್ಲ. ತೆರೆದರೆ ಮೆನು ಹುಡುಕುವಂತಿಲ್ಲ, ಟೈಪ್ ಮಾಡಬೇಕು. ಅದಕ್ಕೇ ಹೊಸಬರು ಹಿಂಜರಿಯುತ್ತಾರೆ. ಆದರೆ ಟೈಪ್ ಮಾಡುವುದು ಎಷ್ಟು ಎಂದು ನೋಡಿ: ‘ಪ್ಲಾಟ್’ ಎಂಬ ಪದ, ಉದ್ಧರಣ ಚಿಹ್ನೆಯೊಳಗೆ ಫೈಲಿನ ಹೆಸರು, ‘ಯೂಸಿಂಗ್ 3:4’, ‘ವಿತ್ ಲೈನ್ಸ್’. ಒಂದು ಸಾಲು. ಮೂರನೆಯ ಕಾಲಂ ಅಡ್ಡ ಅಕ್ಷಕ್ಕೆ, ನಾಲ್ಕನೆಯದು ಉದ್ದ ಅಕ್ಷಕ್ಕೆ, ಗೆರೆ ಎಳೆ ಎಂದರ್ಥ. ಹ್ಯಾಶ್ ಇರುವ ಸಾಲುಗಳನ್ನು ಅದು ತಾನಾಗೇ ಬಿಟ್ಟು ಮುಂದೆ ಹೋಗುತ್ತದೆ, ನೀವು ಫೈಲನ್ನು ಮುಟ್ಟಬೇಕಿಲ್ಲ. ಅಲ್ಪವಿರಾಮದ ಫೈಲಾದರೆ ಅದಕ್ಕೆ ಮುಂಚೆ ಇನ್ನೊಂದು ಸಾಲಿನಲ್ಲಿ ಕಾಲಂ ಗಡಿ ಅಲ್ಪವಿರಾಮ ಎಂದು ಹೇಳಬೇಕು. ಏಳನೆಯ ಕಾಲಮಿನಲ್ಲಿ ಸೊನ್ನೆಗಿಂತ ಕಡಿಮೆ ಇರುವುದನ್ನೆಲ್ಲ ಬಿಡು ಎಂಬುದನ್ನೂ ಆ ‘ಯೂಸಿಂಗ್’ ಭಾಗದಲ್ಲೇ ಬರೆಯಬಹುದು.

ಎಂಟರ್ ಒತ್ತಿದ ಕೂಡಲೇ ಆ ಪ್ರಸಿದ್ಧ ರೇಖೆ ಬರುತ್ತದೆ. 315ರಿಂದ ಹೊರಟು 420 ದಾಟಿ ಮೇಲೇರುವ ಗೆರೆ, ಅದರ ಮೈತುಂಬ ಗರಗಸದ ಹಲ್ಲುಗಳು. ಪ್ರತಿ ವರ್ಷ ಮೇ ತಿಂಗಳ ಸುಮಾರಿಗೆ ತುದಿ, ಸೆಪ್ಟೆಂಬರ್ ಹೊತ್ತಿಗೆ ತಗ್ಗು. ಉತ್ತರಾರ್ಧಗೋಳದ ಕಾಡುಗಳು ಬೇಸಿಗೆಯಲ್ಲಿ ಚಿಗುರಿ ಇಂಗಾಲವನ್ನು ಹೀರುತ್ತವೆ, ಚಳಿಗಾಲದಲ್ಲಿ ಎಲೆ ಕೊಳೆತು ಮತ್ತೆ ಬಿಡುತ್ತವೆ. ಆ ಉಸಿರಾಟವೇ ಈ ಹಲ್ಲು. ಒಂದು ಸಾಲು ಟೈಪ್ ಮಾಡಿ ಇದನ್ನು ಮೊದಲ ಸಲ ತಾವೇ ಬರಿಸಿಕೊಂಡಾಗ ವಿದ್ಯಾರ್ಥಿಗಳು ಸುಮ್ಮನೆ ನೋಡುತ್ತಾ ಕೂರುವುದನ್ನು ಕಂಡಿದ್ದೇನೆ. ಪಠ್ಯಪುಸ್ತಕದ ಚಿತ್ರ ಅಷ್ಟು ತಾಕುವುದಿಲ್ಲ.

ಇನ್ನು ವಿಶ್ಲೇಷಣೆ. ಈ ಏರಿಕೆ ನೇರ ರೇಖೆಯೇ? ನ್ಯೂಪ್ಲಾಟ್‌ನಲ್ಲಿ ‘ಫಿಟ್’ ಎಂಬ ಆಜ್ಞೆ ಇದೆ. ಸೂತ್ರ ನೀವೇ ಬರೆದು, ಯಾವ ಯಾವ ಅಕ್ಷರಗಳ ಬೆಲೆ ಕಂಡುಹಿಡಿಯಬೇಕು ಎಂದು ಹೇಳಿದರೆ ಕನಿಷ್ಠ ವರ್ಗ ವಿಧಾನದಲ್ಲಿ ಹುಡುಕಿ ಕೊಡುತ್ತದೆ. ಪ್ರತಿ ಬೆಲೆಯ ಪಕ್ಕದಲ್ಲಿ ಅದರ ದೋಷವನ್ನೂ ಬರೆಯುತ್ತದೆ, ಮಾಡಿದ್ದನ್ನೆಲ್ಲ ಒಂದು ಲಾಗ್ ಫೈಲಿನಲ್ಲಿ ಸೇರಿಸುತ್ತಾ ಹೋಗುತ್ತದೆ. ಮೊದಲು ನೇರ ರೇಖೆ ಹಾಕಿ. ಮೇಲ್ನೋಟಕ್ಕೆ ಚೆನ್ನಾಗಿಯೇ ಕೂರುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಡೇಟಾದಿಂದ ಆ ರೇಖೆಯನ್ನು ಕಳೆದು, ಉಳಿಕೆಯನ್ನು ಮಾತ್ರ ಗ್ರಾಫ್ ಹಾಕಿ. ಎರಡು ತುದಿಗಳಲ್ಲಿ ಮೇಲೆ, ನಡುವೆ ಕೆಳಗೆ. ಉಳಿಕೆ ಬಟ್ಟಲಿನಂತೆ ಬಾಗಿರುತ್ತದೆ. ಅಂದರೆ ಏರಿಕೆಯ ವೇಗವೇ ಏರುತ್ತಿದೆ. 1960ರ ದಶಕದಲ್ಲಿ ವರ್ಷಕ್ಕೆ 1 ಪಿಪಿಎಂಗೂ ಕಡಿಮೆ ಹೆಚ್ಚುತ್ತಿದ್ದದ್ದು 2010ರ ದಶಕದಲ್ಲಿ 2 ದಾಟಿದೆ. ಸೂತ್ರಕ್ಕೆ ಒಂದು ವರ್ಗಪದ ಸೇರಿಸಿದರೆ ಆ ಬಾಗು ಬಹುಮಟ್ಟಿಗೆ ಹೋಗಿ ಋತುಮಾನದ ಹಲ್ಲು ಉಳಿಯುತ್ತದೆ. ಇಲ್ಲೊಂದು ಚಿಕ್ಕ ಕಿವಿಮಾತು: ವರ್ಷವನ್ನು 1958, 1959 ಎಂದು ಹಾಗೇ ಸೂತ್ರಕ್ಕೆ ಕೊಡಬೇಡಿ, 1958 ಕಳೆದು ಕೊಡಿ. 1958ರ ವರ್ಗ ಮೂವತ್ತೆಂಟು ಲಕ್ಷದ ಹತ್ತಿರ ಹೋಗುತ್ತದೆ. ಅಷ್ಟು ದೊಡ್ಡ ಅಂಕಿಗಳ ನಡುವೆ ಸಣ್ಣ ಬೆಲೆ ಹುಡುಕುವಾಗ ಲೆಕ್ಕ ದಾರಿ ತಪ್ಪುವ ಅಪಾಯ ಹೆಚ್ಚು.

ಉಳಿಕೆ ನೋಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್ಕೊಂಬ್ ನಾಲ್ಕು ಪುಟ್ಟ ಡೇಟಾ ಗುಂಪುಗಳನ್ನು ಪ್ರಕಟಿಸಿದರು. ಒಂದೊಂದರಲ್ಲೂ 11 ಬಿಂದು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಸಹಸಂಬಂಧ 0.816, ಕೂರುವ ನೇರ ರೇಖೆಯ ಇಳಿಜಾರು 0.5. ಅಂಕಿಗಳನ್ನಷ್ಟೇ ನೋಡಿದರೆ ನಾಲ್ಕೂ ಒಂದೇ. ಗ್ರಾಫ್ ಹಾಕಿದರೆ ಒಂದು ಸಾಮಾನ್ಯ ಚದುರುವಿಕೆ, ಒಂದು ನುಣುಪಾದ ಬಾಗು, ಒಂದು ನೇರ ಸಾಲಿನಿಂದ ಒಂಟಿ ಬಿಂದು ಎತ್ತರಕ್ಕೆ ಹಾರಿದ್ದು, ಇನ್ನೊಂದರಲ್ಲಿ ದೂರದ ಒಂದೇ ಬಿಂದು ಇಡೀ ರೇಖೆಯನ್ನು ಎಳೆದು ನಿಲ್ಲಿಸಿದ್ದು. “ಆರ್ ಸ್ಕ್ವೇರ್ 0.67 ಬಂತು ಮೇಡಂ” ಎಂದು, ಸಹಸಂಬಂಧದ ವರ್ಗವಾದ ಆ ಅಂಕಿ ಹಿಡಿದು ಬರುವವರಿಗೆ ನಾನು ಈ ನಾಲ್ಕನ್ನು ಕೈಯಾರೆ ಗ್ರಾಫ್ ಹಾಕಿಸುತ್ತೇನೆ.

ಎಕ್ಸೆಲ್ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ, ಗೊತ್ತು. ಎಲ್ಲರ ಬಳಿಯೂ ಇದೆ, ಎಲ್ಲರಿಗೂ ಬರುತ್ತದೆ. ಮೂವತ್ತು ನಲವತ್ತು ಸಾಲಿನ ಪ್ರಯೋಗದ ಪಟ್ಟಿ ಬರೆದಿಡಲು, ಅಂಕಪಟ್ಟಿಗೆ, ಕೈಯಿಂದ ದಾಖಲಿಸುವ ಅಳತೆಗೆ ನಾನೂ ಬಳಸುತ್ತೇನೆ. ಆದರೆ ವೈಜ್ಞಾನಿಕ ಡೇಟಾ ಫೈಲನ್ನು ಅದರಲ್ಲಿ ತೆರೆದು ಸೇವ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಬರೀ ತೆರೆಯುವುದಿಲ್ಲ, ಒಳಗಿನದನ್ನು ತನಗೆ ತೋಚಿದಂತೆ ಬದಲಿಸಿಕೊಳ್ಳುತ್ತದೆ. ‘ಸೆಪ್ಟ್2’ ಎಂಬ ಹೆಸರಿನ ಜೀನ್ ಇತ್ತು. ಎಕ್ಸೆಲ್ ಅದನ್ನು ಸೆಪ್ಟೆಂಬರ್ 2 ಎಂಬ ದಿನಾಂಕ ಮಾಡಿಬಿಡುತ್ತಿತ್ತು. 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಮುಖ ಜೀನೋಮ್ ಪತ್ರಿಕೆಗಳ ಪ್ರಬಂಧಗಳನ್ನು ಪರಿಶೀಲಿಸಿದಾಗ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಸಿಕ್ಕಿತು. ಕೊನೆಗೆ 2020ರಲ್ಲಿ ಜೀನ್ ಹೆಸರು ನಿರ್ಧರಿಸುವ ಅಂತರರಾಷ್ಟ್ರೀಯ ಸಮಿತಿ ಜೀನ್‌ಗಳ ಹೆಸರನ್ನೇ ಬದಲಿಸಿತು. ಹೊಸ ಆವೃತ್ತಿಗಳಲ್ಲಿ ಈ ಪರಿವರ್ತನೆ ನಿಲ್ಲಿಸುವ ಆಯ್ಕೆ ಬಂದಿದೆ, ಆದರೆ ಅದನ್ನು ಹುಡುಕಿ ಒತ್ತಬೇಕಾದವರು ನೀವೇ.

ಸಾಲುಗಳ ಮಿತಿ ಇನ್ನೊಂದು. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರ ಕೋವಿಡ್ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋಗಿದ್ದು ಬೆಳಕಿಗೆ ಬಂತು. ಹಳೆಯ ಎಕ್ಸೆಲ್ ಫೈಲ್ ರೂಪ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಅವು ಬರೀ ಸಾಲುಗಳಲ್ಲ, ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ತಿಳಿಸಬೇಕಿದ್ದ ಮಾಹಿತಿ. ಈಗಿನ ರೂಪದ ಮಿತಿ 10,48,576 ಸಾಲು. ದೊಡ್ಡದೇ ಅನ್ನಿಸುತ್ತದೆ, ಮುಂದೆ ಮಳೆಯ ಫೈಲ್ ಬಂದಾಗ ಹೇಳುತ್ತೇನೆ.

ನಮ್ಮ ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತೊಂದರೆ ಇದಕ್ಕಿಂತ ಸಣ್ಣದು. ತಾಪಮಾನ 30, 35, 40, 60, 90 ಡಿಗ್ರಿಗಳಲ್ಲಿ ಅಳತೆ ತೆಗೆದಿದ್ದಾರೆ ಎನ್ನಿ. ಎಕ್ಸೆಲ್‌ನಲ್ಲಿ ‘ಲೈನ್’ ಚಾರ್ಟ್ ಆರಿಸಿ ಈ ತಾಪಮಾನಗಳನ್ನು ಅಡ್ಡ ಅಕ್ಷದ ಹೆಸರಾಗಿ ಕೊಟ್ಟರೆ ಐದನ್ನೂ ಸಮಾನ ಅಂತರದಲ್ಲಿ ಇಡುತ್ತದೆ. 35ರಿಂದ 40ಕ್ಕೆ ಎಷ್ಟು ದೂರವೋ 60ರಿಂದ 90ಕ್ಕೂ ಅಷ್ಟೇ ದೂರ! ಬಾಗು ರೇಖೆ ನೇರವಾಗಿ ಕಾಣಬಹುದು, ನೇರವಾದದ್ದು ಬಾಗಬಹುದು. ವಿಜ್ಞಾನಕ್ಕೆ ಬೇಕಾದದ್ದು ‘ಸ್ಕ್ಯಾಟರ್’ ಚಾರ್ಟ್. ಅದರಲ್ಲೂ ‘ಸ್ಮೂತ್ ಲೈನ್’ ಒತ್ತಬೇಡಿ. ಬಿಂದುಗಳ ನಡುವೆ ನೀವು ಅಳೆಯದೇ ಇರುವ ಏರಿಳಿತಗಳನ್ನು ಅದು ಚೆಂದಕ್ಕಾಗಿ ಬಿಡಿಸುತ್ತದೆ.

ಟೈಪ್ ಮಾಡುವುದು ಬೇಡ, ಮೌಸ್‌ನಲ್ಲೇ ಆಗಬೇಕು ಎನ್ನುವವರಿಗೂ ದಾರಿಗಳಿವೆ. ಲಿನಕ್ಸ್ ಬಳಸುವ ಹಿರಿಯ ಭೌತವಿಜ್ಞಾನಿಗಳು ಗ್ರೇಸ್ ಎಂಬುದನ್ನು ಮೆಚ್ಚುತ್ತಾರೆ. ಹಳೆಯ ಮುಖ, ಆದರೆ ಮುದ್ರಣಕ್ಕೆ ಅಚ್ಚುಕಟ್ಟಾದ ಗ್ರಾಫ್. ಹೊಸಬರಿಗೆ ನಾನು ಹೇಳುವುದು ಲ್ಯಾಬ್‌ಪ್ಲಾಟ್. ಕೆಡಿಇ ಎಂಬ ಸಾಫ್ಟ್‌ವೇರ್ ಬಳಗ ಉಚಿತವಾಗಿ ಕೊಡುವುದು. ಟೆಕ್ಸ್ಟ್ ಫೈಲಿನ ಜೊತೆಗೆ ಮುಂದೆ ಹೇಳಲಿರುವ ನೆಟ್‌ಸಿಡಿಎಫ್, ಫಿಟ್ಸ್ ರೂಪಗಳನ್ನೂ, ದೊಡ್ಡ ಡೇಟಾ ಇಡುವ ಎಚ್‌ಡಿಎಫ್5 ರೂಪವನ್ನೂ ಓದುತ್ತದೆ. ಮುದ್ರಿತ ಗ್ರಾಫಿನ ಚಿತ್ರದಿಂದ ಬಿಂದುಗಳನ್ನು ಎತ್ತಿಕೊಳ್ಳುವ ಸೌಲಭ್ಯವೂ ಇದೆ. ಅಳತೆ ಯಂತ್ರದಿಂದ ಬಂದ ಎಕ್ಸ್‌ರೇ ವಿವರ್ತನೆಯ ಅಥವಾ ರೋಹಿತದ ಫೈಲಿನಲ್ಲಿ ಒಂದರ ಮೇಲೊಂದು ಬಿದ್ದ ಶಿಖರಗಳನ್ನು ಬಿಡಿಸಬೇಕಾದವರಿಗೆ ಫಿಟಿಕ್ ಇದೆ. ಆ ಒಂದೇ ಕೆಲಸ ಮಾಡುತ್ತದೆ, ಬಹಳ ಚೆನ್ನಾಗಿ ಮಾಡುತ್ತದೆ. ಶಿಖರದ ಮೇಲೆ ಮೌಸ್ ಇಟ್ಟು ಎಳೆದರೆ ಗಾಸಿಯನ್ ಎಂಬ ಗಂಟೆಯಾಕಾರದ ರೇಖೆ ಸೇರುತ್ತದೆ, ಹಿನ್ನೆಲೆ ಎಲ್ಲಿ ಎಂದು ಬಿಂದು ಇಟ್ಟು ತೋರಿಸಬಹುದು. ವಿಯುಸ್ ಎಂಬುದೂ ಒಳ್ಳೆಯದು; ಅದು ಸೇವ್ ಮಾಡುವ ಫೈಲ್ ಕೂಡ ಟೆಕ್ಸ್ಟ್ ಆಗಿರುವುದರಿಂದ ಹತ್ತು ವರ್ಷ ಬಿಟ್ಟು ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಏನು ಮಾಡಿದ್ದಿರಿ ಎಂದು ಓದಬಹುದು.

ಹಣ ಕೊಟ್ಟು ಕೊಳ್ಳಬೇಕಾದ ಗ್ರಾಫ್ ಸಾಫ್ಟ್‌ವೇರ್ ಒರಿಜಿನ್ ನಮ್ಮ ವಿಶ್ವವಿದ್ಯಾಲಯಗಳ ಭೌತಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳಲ್ಲಿ ಮನೆಮಾತು. ಸಮರ್ಥ ಸಾಫ್ಟ್‌ವೇರ್, ಅದರಲ್ಲಿ ಅನುಮಾನವಿಲ್ಲ. ಲೈಸೆನ್ಸ್ ಇರುವ ವಿಭಾಗದಲ್ಲಿ ಕೂತು ಬಳಸಿ. ಆದರೆ ಕದ್ದ ಪ್ರತಿ ಹಾಕಿಕೊಂಡು ಪ್ರಬಂಧ ಬರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಿಮ್ಮ ಕಂಪ್ಯೂಟರಿಗೆ ಕೇಡು ಒಂದು ಕಡೆ. ನೀವು ಪದವಿ ಮುಗಿಸಿ ಹೊರಟಾಗ ನಿಮ್ಮದೇ ಕೆಲಸದ ಫೈಲನ್ನು ಬದಲಿಸಲು ನಿಮ್ಮ ಬಳಿ ನ್ಯಾಯವಾದ ದಾರಿ ಇರುವುದಿಲ್ಲ ಎಂಬುದು ಇನ್ನೊಂದು ಕಡೆ.

ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಾಗದ ಫೈಲುಗಳೂ ಇವೆ. ಭಾರತೀಯ ಹವಾಮಾನ ಇಲಾಖೆ ಪುಣೆಯಿಂದ ಕೊಡುವ ಮಳೆಯ ಡೇಟಾ ನೋಡಿ. ದೇಶವನ್ನು ಕಾಲು ಡಿಗ್ರಿ ಚೌಕಗಳಾಗಿ ಹಂಚಿ, 1901ರಿಂದ ಪ್ರತಿ ದಿನದ ಮಳೆ. ರೇಖಾಂಶದ ಉದ್ದಕ್ಕೆ 135, ಅಕ್ಷಾಂಶದ ಉದ್ದಕ್ಕೆ 129, ಒಟ್ಟು ದಿನಕ್ಕೆ 17,415 ಅಂಕಿ. ವರ್ಷಕ್ಕೆ ಅರವತ್ತಮೂರು ಲಕ್ಷ ದಾಟುತ್ತದೆ. ಸಾಲಿಗೊಂದು ಅಂಕಿಯಂತೆ ಎಕ್ಸೆಲ್‌ಗೆ ಸುರಿದರೆ ಎರಡು ತಿಂಗಳ ಮಳೆಗೇ ಹಾಳೆ ತುಂಬಿಹೋಗುತ್ತದೆ. ಇದನ್ನು ಎರಡು ರೂಪದಲ್ಲಿ ಕೊಡುತ್ತಾರೆ. ಒಂದು ಬರೀ ಬೈನರಿ: ಒಳಗೆ ಅಂಕಿಗಳ ಸರಣಿ ಬಿಟ್ಟರೆ ತನ್ನ ಬಗ್ಗೆ ಏನನ್ನೂ ಹೇಳದ ಫೈಲ್. ಇನ್ನೊಂದು ನೆಟ್‌ಸಿಡಿಎಫ್: ಅಂಕಿಗಳ ಜೊತೆಗೇ ಅಕ್ಷಾಂಶ, ರೇಖಾಂಶ, ದಿನಾಂಕ, ಏಕಮಾನ ಎಲ್ಲವನ್ನೂ ಹೊತ್ತಿರುತ್ತದೆ. ಎರಡೂ ಸಿಗುವಾಗ ಎರಡನೆಯದನ್ನೇ ತೆಗೆದುಕೊಳ್ಳಿ.

ಅದನ್ನು ನೋಡಲು ಅತ್ಯಂತ ಸುಲಭದ ದಾರಿ ಪಾನೊಪ್ಲಿ. ನಾಸಾದ ಗೊಡಾರ್ಡ್ ಸಂಸ್ಥೆ ಉಚಿತವಾಗಿ ಕೊಡುವುದು, ಕಂಪ್ಯೂಟರಿನಲ್ಲಿ ಜಾವಾ ಇರಬೇಕು. ಫೈಲ್ ತೆರೆಯಿರಿ, ಮಳೆ ಎಂಬ ಚರದ ಮೇಲೆ ಎರಡು ಸಲ ಒತ್ತಿ, ನಕ್ಷೆ ಎನ್ನಿ, ಜುಲೈನ ಒಂದು ದಿನ ಆರಿಸಿ. ಪಶ್ಚಿಮ ಘಟ್ಟದ ಉದ್ದಕ್ಕೆ ದಟ್ಟ ಮಳೆಯ ಪಟ್ಟಿ ಮೂಡುತ್ತದೆ. ಆಗುಂಬೆಯಿಂದ ಚಿತ್ರದುರ್ಗದ ಕಡೆಗೆ ಕೆಲವೇ ಚೌಕ ದಾಟುವಷ್ಟರಲ್ಲಿ ಮಳೆ ಬತ್ತುತ್ತಾ ಹೋಗುವುದು ಕಾಣುತ್ತದೆ. ಒಂದು ಚೌಕ ಸುಮಾರು 27 ಕಿಲೋಮೀಟರ್ ಅಗಲ ಎಂಬುದನ್ನು ಮಾತ್ರ ಮರೆಯಬೇಡಿ. ನಿಮ್ಮ ಊರಿನ ಮಳೆಮಾಪಕದ ಅಂಕಿ ಅದರಲ್ಲಿ ಹಾಗೇ ಸಿಗುವುದಿಲ್ಲ. ದೇಶದ ಗಡಿಯಾಚೆ, ಸಮುದ್ರದ ಮೇಲೆ -999 ಎಂಬ ಗುರುತು ತುಂಬಿರುತ್ತದೆ. ಬೈನರಿ ರೂಪ ಬಳಸುವವರು ಅದನ್ನು ತಾವೇ ತೆಗೆಯಬೇಕು, ಇಲ್ಲದಿದ್ದರೆ ಅರಬ್ಬಿ ಸಮುದ್ರದ ಮಳೆಯ ಸರಾಸರಿ ಮೈನಸ್ ಬರುತ್ತದೆ.

ಇಲ್ಲೇ ಬಣ್ಣದ ಮಾತು ಹೇಳಿಬಿಡುತ್ತೇನೆ. ಕಾಮನಬಿಲ್ಲಿನ ಏಳೂ ಬಣ್ಣ ಬಳಿದ ನಕ್ಷೆ ಕಣ್ಣಿಗೆ ಹಬ್ಬ, ಆದರೆ ಹಳದಿ ಬರುವಲ್ಲಿ ಇಲ್ಲದ ಗಡಿಯೊಂದು ಇದ್ದಂತೆ ತೋರುತ್ತದೆ, ಹಸಿರಿನಲ್ಲಿ ಇರುವ ವ್ಯತ್ಯಾಸ ಕಾಣುವುದಿಲ್ಲ. ಕೆಂಪು-ಹಸಿರು ಭೇದ ಕಾಣದ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಅವರಿಗೆ ಆ ನಕ್ಷೆ ಓದಲೇ ಆಗದು. ವಿರಿಡಿಸ್‌ನಂಥ, ಕಪ್ಪುಬಿಳುಪಿನಲ್ಲಿ ಮುದ್ರಿಸಿದರೂ ಕ್ರಮ ಕೆಡದ ಬಣ್ಣಪಟ್ಟಿ ಆರಿಸಿ.

ಖಗೋಳದವರ ಫಿಟ್ಸ್ ರೂಪ 1981ರಲ್ಲಿ ಪ್ರಕಟವಾದದ್ದು. ಒಳಗಿನ ತಲೆಬರಹ 80 ಅಕ್ಷರಗಳ ಸಾಲುಗಳಲ್ಲಿ, 2,880 ಬೈಟ್‌ಗಳ ಕಟ್ಟುಗಳಲ್ಲಿ ಇರುತ್ತದೆ. ಅಂದು ಬರೆದ ಫೈಲ್ ಇಂದಿಗೂ ತೆರೆಯುತ್ತದೆ. ಹಳೆಯ ಫೈಲನ್ನು ಕೈಬಿಡುವುದಿಲ್ಲ ಎಂಬುದನ್ನು ಅದರ ನಿರ್ವಾಹಕರು ನಿಯಮವಾಗಿಯೇ ಪಾಲಿಸಿಕೊಂಡು ಬಂದಿದ್ದಾರೆ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್ ವೀಕ್ಷಣಾಲಯದ ಡೇಟಾ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದಲ್ಲಿ ಇದೇ ರೂಪದಲ್ಲಿದೆ, ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ತೆರೆದು ನೋಡುವ ಸಾಫ್ಟ್‌ವೇರ್, ಚಿತ್ರವಾದರೆ ಡಿಎಸ್9, ಪಟ್ಟಿಯಾದರೆ ಟಾಪ್‌ಕ್ಯಾಟ್. ಎರಡೂ ಉಚಿತ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಯಾವಾಗ ಕಲಿಯಬೇಕು? ಒಂದೇ ಬಗೆಯ ಇನ್ನೂರು ಫೈಲುಗಳು ಕಾದು ಕೂತಿದ್ದಾಗ, ಅಥವಾ ಗ್ರಾಫಿಗೆ ಮುಂಚಿನ ಲೆಕ್ಕ ದೊಡ್ಡದಾದಾಗ. ಅದರ ಗ್ರಾಫ್ ಗ್ರಂಥಾಲಯ, ಅಂದರೆ ಗ್ರಾಫಿಗೆ ಬೇಕಾದ ಸಿದ್ಧ ಪ್ರೋಗ್ರಾಂಗಳ ಸಂಗ್ರಹ, ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ್ದೂ ಇಂಥ ಗರಜಿನಿಂದಲೇ. ಜಾನ್ ಹಂಟರ್ ಎಂಬ ನರವಿಜ್ಞಾನಿ ಮೂರ್ಛೆ ರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಸರಿಯಾದ ಸಲಕರಣೆ ಸಿಗದೆ ತಾವೇ ಬರೆದು 2003ರಲ್ಲಿ ಎಲ್ಲರಿಗೂ ಕೊಟ್ಟರು. 2012ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ ತೀರಿಕೊಂಡರು. 2019ರಲ್ಲಿ ಜಗತ್ತು ನೋಡಿದ ಮೊದಲ ಕಪ್ಪುಕುಳಿಯ ಚಿತ್ರದ ಕೆಲಸದಲ್ಲೂ ಆ ಗ್ರಂಥಾಲಯದ ಪಾಲಿತ್ತು. ಸಂಖ್ಯಾಶಾಸ್ತ್ರ, ಜೀವಶಾಸ್ತ್ರದವರಿಗೆ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಹೆಚ್ಚು ಒಗ್ಗುತ್ತದೆ. ಕಲಿಯಲು ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ, ಕನ್ನಡ ಧ್ವನಿಯಲ್ಲೂ ಹಲವು ಸಿಗುತ್ತವೆ.

ಕನ್ನಡದ ಮಾತು ಬಂತು. ಗ್ರಾಫಿನ ಅಕ್ಷಗಳಿಗೆ ಕನ್ನಡದಲ್ಲಿ ಹೆಸರು ಕೊಡಬೇಕು ಎನ್ನುವ ಅಧ್ಯಾಪಕರು, ವಿಜ್ಞಾನ ಬರಹಗಾರರು ಇಲ್ಲಿದ್ದೀರಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಉಷ್ಣಾಂಶ’ ಎಂದು ಬರೆದು ನೋಡಿದವರಿಗೆ ಗೊತ್ತು: ಎಷ್ಟೋ ಕಡೆ ಒತ್ತಕ್ಷರ ಕೆಳಗೆ ಕೂರದೆ ಷ, ಹಲಂತ, ಣ ಬೇರೆ ಬೇರೆಯಾಗಿ ಸಾಲಾಗಿ ನಿಲ್ಲುತ್ತವೆ. ಫಾಂಟ್ ಬದಲಿಸಿದರೆ ಇದು ಸರಿಹೋಗದು, ಏಕೆಂದರೆ ತೊಂದರೆ ಫಾಂಟಿನದಲ್ಲ. ಅಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಹಂತವೇ ಅಲ್ಲಿ ನಡೆದಿರುವುದಿಲ್ಲ. ನ್ಯೂಪ್ಲಾಟ್‌ನಲ್ಲಿ ಕೈರೋ ಹೆಸರಿನ ಔಟ್‌ಪುಟ್ ಆಯ್ಕೆಗಳಿವೆ, ಪಿಎನ್‌ಜಿಗೆ ಒಂದು, ಪಿಡಿಎಫ್‌ಗೆ ಒಂದು. ಅವು ಅಕ್ಷರ ಜೋಡಣೆಯನ್ನು ಪ್ಯಾಂಗೊ ಎಂಬ ಗ್ರಂಥಾಲಯಕ್ಕೆ ಒಪ್ಪಿಸುತ್ತವೆ, ಪ್ಯಾಂಗೊಗೆ ಭಾರತೀಯ ಲಿಪಿಗಳು ಬರುತ್ತವೆ. ಆಜ್ಞೆಗಳನ್ನು ಬರೆದಿಟ್ಟ ಸ್ಕ್ರಿಪ್ಟ್ ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಹೆಸರು ಕೊಟ್ಟರೆ ‘ಉಷ್ಣಾಂಶ’, ‘ಸಾಂದ್ರತೆ’, ‘ಕ್ಷೇತ್ರ’ ಎಲ್ಲ ಅಚ್ಚುಕಟ್ಟಾಗಿ ಬರುತ್ತವೆ. ಲ್ಯಾಬ್‌ಪ್ಲಾಟ್ ಮತ್ತು ವಿಯುಸ್ ಕಟ್ಟಿರುವುದು ಕ್ಯೂಟಿ ಎಂಬ ಸಾಫ್ಟ್‌ವೇರ್ ಚೌಕಟ್ಟಿನ ಮೇಲೆ, ಅದಕ್ಕೂ ಕನ್ನಡ ಕೂಡಿಸಲು ಬರುತ್ತದೆ. ನಮ್ಮ ಮಕ್ಕಳ ಪಾಠಕ್ಕೆ ಗ್ರಾಫ್ ಮಾಡುವವರು ಇಂಗ್ಲಿಷ್ ಹೆಸರುಗಳನ್ನೇ ಉಳಿಸಿಕೊಳ್ಳಬೇಕಾದ ತಾಂತ್ರಿಕ ಅಗತ್ಯ ಈಗಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: “ಮೇಡಂ, ಈಗ ಎಐಗೆ ಫೈಲ್ ಕೊಟ್ಟರೆ ಅದೇ ಗ್ರಾಫ್ ಮಾಡಿಕೊಡುತ್ತಲ್ಲ, ಇದನ್ನೆಲ್ಲ ಯಾಕೆ ಕಲೀಬೇಕು?” ಮಾಡಿಕೊಡುತ್ತದೆ, ಸಹಾಯ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಚಿತ್ರ ಕೇಳಬೇಡಿ, ಸ್ಕ್ರಿಪ್ಟ್ ಕೇಳಿ. ಆ ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದಿ: -9.99 ಅನ್ನು ಏನು ಮಾಡಿದೆ, ಯಾವ ಸಾಲುಗಳನ್ನು ಬಿಟ್ಟಿದೆ, ನೀವು ಹೇಳದೇ ಯಾವುದನ್ನಾದರೂ ನುಣುಪು ಮಾಡಿದೆಯೇ. ಅದನ್ನು ಪತ್ತೆ ಹಚ್ಚಲು ಈಗ ತೋರಿಸಿದಷ್ಟು ಗೊತ್ತಿರಲೇಬೇಕು. ಆಮೇಲೆ ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಿ, ಫೈಲಿನ ಪಕ್ಕದಲ್ಲೇ ಇಟ್ಟುಕೊಳ್ಳಿ.

ಹಿರಿಯ ಅಧ್ಯಾಪಕರೊಬ್ಬರದು ಇನ್ನೊಂದು ಪ್ರಶ್ನೆ: “ನಮ್ಮ ವಿಭಾಗದಲ್ಲಿ ಹತ್ತು ಹದಿನೈದು ವರ್ಷದ ಅಳತೆಗಳು ಒಂದು ಕಂಪನಿಯ ಸಾಫ್ಟ್‌ವೇರ್ ರೂಪದಲ್ಲೇ ಉಳಿದಿವೆ. ಅದು ಓಡುವುದು ಒಂದೇ ಹಳೆಯ ಕಂಪ್ಯೂಟರಿನಲ್ಲಿ. ಏನು ಮಾಡೋಣ ಮೇಡಂ?” ಸರ್, ಆ ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗಲೇ, ಸಾಧ್ಯವಾದರೆ ಈ ರಜೆಯಲ್ಲೇ, ಎಲ್ಲವನ್ನೂ ಟೆಕ್ಸ್ಟ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿಸಿ. ಮೂಲ ಫೈಲುಗಳನ್ನು ಅಳಿಸದೆ ಬೇರೆ ಫೋಲ್ಡರಿನಲ್ಲಿ ಓದಲು ಮಾತ್ರ ಎಂದು ಇಡಿ. ಪ್ರತಿ ಟೆಕ್ಸ್ಟ್ ಫೈಲಿನ ಮೇಲೆ ಹ್ಯಾಶ್ ಹಾಕಿ ಮಾದರಿಯ ಹೆಸರು, ಅಳೆದ ದಿನ, ಯಂತ್ರ, ಪ್ರತಿ ಕಾಲಮಿನ ಏಕಮಾನ, ಅಳತೆ ಇಲ್ಲದ ಕಡೆ ಹಾಕಿರುವ ಗುರುತು, ಇಷ್ಟನ್ನು ಬರೆಸಿ. ಆ ಅಳತೆ ತೆಗೆದ ವಿದ್ಯಾರ್ಥಿಗಳು ಇನ್ನೂ ಸಂಪರ್ಕದಲ್ಲಿದ್ದರೆ ಏಕಮಾನಗಳನ್ನು ಅವರಿಂದಲೇ ಕೇಳಿ ಖಚಿತಪಡಿಸಿಕೊಳ್ಳಿ. ಹಳೆಯ ಪರದೆಯ ಗ್ರಾಫ್ ಮತ್ತು ಹೊಸ ಟೆಕ್ಸ್ಟ್ ಫೈಲಿನಿಂದ ಹಾಕಿದ ಗ್ರಾಫ್ ಎರಡನ್ನೂ ಪಕ್ಕಪಕ್ಕ ಇಟ್ಟು ಕೆಲವನ್ನಾದರೂ ತಾಳೆ ನೋಡಿದ ಮೇಲೆಯೇ ಆ ಕಂಪ್ಯೂಟರನ್ನು ವಿಲೇವಾರಿಗೆ ಬರೆಯಿರಿ.